ಸೊಸೈಟಿ ಗಟಾರಕ್ಕೆ ಪ್ರೆಶರ್ ಜೆಟ್ಟಿಂಗ್ ಮಾಡಿಸಬಹುದಾ? ಹಳೇ ಪೈಪ್ ತಡೆಯುತ್ತಾ?

ಕಾಂಜೂರ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈಯ ಕಾಂಜೂರ್‌ಮಾರ್ಗ್ ಈಸ್ಟ್‌ನಲ್ಲಿರುವ ಹಳೇ ಹೌಸಿಂಗ್ ಸೊಸೈಟಿ. ಎರಡು ವಿಂಗ್, ನೆಲಮಹಡಿ ಮತ್ತು ಮೇಲೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಈ ವರ್ಷ ಸೆಕ್ರೆಟರಿ ಕೆಲಸ ನನಗೆ ಬಂದಿದೆ, ಬಂದ ದಿನದಿಂದ ಗಟಾರದ್ದೇ ಗಲಾಟೆ. ಹಿಂದಿನ ಹೌಸ್ ಗಲ್ಲಿಯಲ್ಲಿ ಅಡುಗೆಮನೆ ಪೈಪ್‌ಗಳೆಲ್ಲ ಬಂದು ಸೇರುವ ಚೇಂಬರ್ ಪದೇ ಪದೇ ತುಂಬಿ ಮೇಲೆ ಬರುತ್ತೆ, ನೆಲಮಹಡಿಯವರ ನಹಾನಿ ಟ್ರ್ಯಾಪ್‌ನಿಂದ, ಅಂದರೆ ಬಚ್ಚಲ ನೆಲದ ನೀರು ಹೋಗುವ ಬಾಯಿಯಿಂದ, ಕಪ್ಪು ನೀರು ಉಕ್ಕುತ್ತೆ. ಅಲ್ಲಿ ವಯಸ್ಸಾದ ದಂಪತಿ ಇದ್ದಾರೆ, ಬೆಳಿಗ್ಗೆ ಎದ್ದು ಬಚ್ಚಲಿಗೆ ಕಾಲಿಡುವ ಹಾಗಿಲ್ಲ. ಬಿದಿರು ಪಟ್ಟಿ ಹಾಕಿಸಿದರೆ ಸ್ವಲ್ಪ ದಿನ ಸರಿ ಇರುತ್ತೆ, ಮತ್ತೆ ಅದೇ ಕಥೆ.

ಈಗ ಒಬ್ಬ ಕಾಂಟ್ರಾಕ್ಟರ್ ಬಂದು ಹೈ ಪ್ರೆಶರ್ ಜೆಟ್ಟಿಂಗ್, ಅಂದರೆ ಪೈಪ್ ಒಳಗೆ ಹೋಸ್ ಬಿಟ್ಟು ಜೋರು ಒತ್ತಡದ ನೀರಿನಿಂದ ತೊಳೆಯುವುದು, ಮಾಡಿಕೊಡುತ್ತೇನೆ ಎನ್ನುತ್ತಿದ್ದಾನೆ. ವರ್ಷದ ಕಾಂಟ್ರಾಕ್ಟ್, ಮೆಷಿನ್ 200 ಬಾರ್ ಅಂತ ಕೊಟೇಶನ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾನೆ. ಅದರ ಜೊತೆಗೆ ಟೆರೇಸ್, ಕಾಂಪೌಂಡ್ ಒಳಗಿನ ಪೇವರ್ ಬ್ಲಾಕ್, ಹೊರಗೋಡೆ ಎಲ್ಲವನ್ನೂ ಅದೇ ಮೆಷಿನ್‌ನಲ್ಲಿ ತೊಳೆದುಕೊಡುತ್ತಾನಂತೆ. ಕಮಿಟಿಯಲ್ಲಿ ಎರಡು ಮಾತು. ನಮ್ಮ ಪೈಪ್ ಹಳೇ ಸ್ಟೋನ್‌ವೇರ್, ಅಷ್ಟು ಪ್ರೆಶರ್ ಕೊಟ್ಟರೆ ಒಡೆದು ಹೋಗುತ್ತೆ ಅಂತ ಒಬ್ಬರು. ಇಷ್ಟೆಲ್ಲ ಯಾಕೆ, ಮೊದಲಿನ ಹಾಗೆ ಒಬ್ಬನನ್ನು ಕರೆಸಿ ಚೇಂಬರ್ ಒಳಗೆ ಇಳಿಸಿ ಕೆಸರು ತೆಗೆಸಿದರಾಯಿತು ಅಂತ ಇನ್ನೊಬ್ಬರು. ಆ ಎರಡನೇ ಮಾತಿಗೆ ನನ್ನ ಮನಸ್ಸು ಖಂಡಿತ ಒಪ್ಪುತ್ತಿಲ್ಲ, ಆದರೆ ಅವರಿಗೆ ಸರಿಯಾಗಿ ಉತ್ತರ ಕೊಡಲು ನನ್ನ ಹತ್ತಿರ ವಿಷಯ ಬೇಕು.

ಮಳೆ ಜೂನ್ ಎರಡನೇ ವಾರಕ್ಕೆ ಬಂದುಬಿಡುತ್ತೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಇದನ್ನು ಮಾಡಿಸಿದವರು, ಇದೇ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸೊಸೈಟಿಯೇ ಒಂದು ಚಿಕ್ಕ ಮೆಷಿನ್ ಕೊಂಡುಕೊಳ್ಳೋಣ ಎಂಬ ಮಾತೂ ಇದೆ, ಅದರ ಬಗ್ಗೆಯೂ ಗೊತ್ತಿದ್ದರೆ ತಿಳಿಸಿ.


ಭೋಸರಿ ಪಂಪ್‌ವಾಲಾ:

ಸರ್, ನಾನು ಪುಣೆ ಭೋಸರಿಯಲ್ಲಿ ಪ್ಲಂಜರ್ ಪಂಪ್ ರಿಪೇರಿ ಕೆಲಸ ಮಾಡುವವನು, ಜೆಟ್ಟಿಂಗ್ ಮೆಷಿನ್‌ಗಳು ನನ್ನ ಕೈಯಲ್ಲಿ ಬಿಚ್ಚಿ ಜೋಡಣೆ ಆಗುತ್ತಲೇ ಇರುತ್ತವೆ. ಮೊದಲು ಆ 200 ಬಾರ್ ವಿಷಯ ಇತ್ಯರ್ಥ ಮಾಡೋಣ ರೀ. ಬಾರ್ ಅಂದರೆ ಪ್ರೆಶರ್ ಅಳತೆ. ಕೊಟೇಶನ್‌ನಲ್ಲಿ ಎಲ್ಲರೂ ಬಾರ್ ಬರೆಯುತ್ತಾರೆ, ನಿಮಿಷಕ್ಕೆ ಎಷ್ಟು ಲೀಟರ್ ನೀರು ಅಂತ ಬರೆಯುವುದಿಲ್ಲ. ಗಟಾರದ ಕೆಲಸದಲ್ಲಿ ನೋಡಬೇಕಾದದ್ದು ಅದನ್ನೇ. ಪ್ರೆಶರ್ ಕಟ್ಟಿಕೊಂಡದ್ದನ್ನು ಒಡೆಯುತ್ತೆ ಅಷ್ಟೇ. ಒಡೆದ ಜಿಡ್ಡು, ಮರಳು, ಚಹಾಪುಡಿ ಇವನ್ನೆಲ್ಲ ಹೊತ್ತು ಹೊರಗೆ ತರುವುದು ನೀರಿನ ಹರಿವು. ಹರಿವು ಇಲ್ಲದ 200 ಬಾರ್ ತಂದು ಏನು ಮಾಡುತ್ತೀರಿ? ಜಿಡ್ಡಿನ ಮಧ್ಯೆ ಒಂದು ಸಣ್ಣ ತೂತು ಬೀಳುತ್ತೆ, ನಿಂತ ನೀರು ಆ ತೂತಿನಲ್ಲಿ ಇಳಿದು ಹೋಗುತ್ತೆ, ಚೇಂಬರ್ ಖಾಲಿ ಆಯಿತು ಅಂತ ಎಲ್ಲರಿಗೂ ಖುಷಿ. ಪೈಪ್ ಗೋಡೆಗೆ ಅಂಟಿದ್ದು ಹಾಗೇ ಕುಳಿತಿರುತ್ತೆ, ಸ್ವಲ್ಪ ದಿನಕ್ಕೆ ಆ ತೂತು ಮುಚ್ಚುತ್ತೆ. ನಿಮ್ಮ ಬಿದಿರು ಪಟ್ಟಿಯಲ್ಲಿ ಆಗುತ್ತಿರುವುದೂ ಇದೇ.

ಲೆಕ್ಕ ಸುಲಭ ಇದೆ. ಬಾರ್ ಎಷ್ಟೋ ಅದನ್ನು ನಿಮಿಷದ ಲೀಟರ್‌ನಿಂದ ಗುಣಿಸಿ, 600ರಿಂದ ಭಾಗಿಸಿ. ನೀರಿಗೆ ಎಷ್ಟು ಕಿಲೋವ್ಯಾಟ್ ಬೇಕು ಅಂತ ಬರುತ್ತೆ. 150 ಬಾರ್, 40 ಲೀಟರ್ ಅಂದರೆ 10 ಕಿಲೋವ್ಯಾಟ್. ಪಂಪ್, ಮೋಟರ್‌ನಲ್ಲಿ ಕಳೆದುಹೋಗುವುದು ಬೇರೆ. ಮನೆಯ 16 ಆಂಪ್ ಸಾಕೆಟ್‌ನಲ್ಲಿ ಮೂರೂವರೆ ಕಿಲೋವ್ಯಾಟ್ ಮೇಲೆ ಎಳೆಯುವ ಹಾಗಿಲ್ಲ. ಹಾಗಾಗಿ ಸಾಕೆಟ್‌ಗೆ ಸಿಕ್ಕಿಸುವ ಮೆಷಿನ್ ತಂದು ಇದು 200 ಬಾರ್, ಇಡೀ ಸೊಸೈಟಿ ಲೈನ್ ಕ್ಲೀನ್ ಮಾಡುತ್ತೆ ಎಂದರೆ ನಂಬಬೇಡಿ. 2 ಕಿಲೋವ್ಯಾಟ್ ಮೋಟರ್ 200 ಬಾರ್‌ನಲ್ಲಿ ನಿಮಿಷಕ್ಕೆ ಐದು ಲೀಟರ್ ನೀರು ಕೊಟ್ಟರೆ ದೊಡ್ಡದು. ಅದು ಸಿಂಕ್‌ನಿಂದ ಇಳಿಯುವ ಒಂದೂವರೆ ಇಂಚಿನ ಪೈಪಿಗೆ ಆದೀತು, ಕಾರು ತೊಳೆಯಲು ಚೆನ್ನಾಗಿದೆ. ಚೇಂಬರ್‌ನಿಂದ ಚೇಂಬರ್‌ಗೆ ಹೋಗುವ ಆರಿಂಚಿನ ಲೈನ್‌ಗೆ ನಿಮಿಷಕ್ಕೆ 30–40 ಲೀಟರ್ ಆದರೂ ಬೇಕು, ಅದಕ್ಕೇ ಆ ಮೆಷಿನ್‌ಗಳು ಡೀಸೆಲ್ ಎಂಜಿನ್ ಮೇಲೆ ಇರುತ್ತವೆ, ಟೆಂಪೋದಲ್ಲಿ ಬರುತ್ತವೆ. ಸೊಸೈಟಿಗೆ ಸ್ವಂತ ಮೆಷಿನ್ ಬೇಡ ಎಂದೇ ನನ್ನ ಅಭಿಪ್ರಾಯ. ಎರಡು ಸಲ ಓಡಿಸಿ ಮೂಲೆಯಲ್ಲಿ ಇಡುತ್ತೀರಿ, ಸೀಲ್ ಒಣಗುತ್ತೆ, ಮೂರನೇ ಸಲ ಬೇಕೆಂದಾಗ ಪ್ರೆಶರ್ ಹಿಡಿಯುವುದಿಲ್ಲ.

ಇನ್ನು ಪೈಪ್ ಒಡೆಯುತ್ತಾ ಎನ್ನುವುದು. ಸ್ಟೋನ್‌ವೇರ್ ಪೈಪ್ ಗಟ್ಟಿಯೇ ಇರುತ್ತೆ, ಮೆರುಗು ಇರುವ ಸುಟ್ಟ ಮಣ್ಣು ಅದು. ಸೋಲುವುದು ಜಾಯಿಂಟ್. ಎರಡು ಮೂರು ಅಡಿಯ ತುಂಡುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂಡಿಸಿರುತ್ತಾರೆ, ಇಷ್ಟು ವರ್ಷದಲ್ಲಿ ಆ ಗಾರೆ ಸವೆದಿರುತ್ತೆ. ನಾಜಲ್ ಓಡುತ್ತಾ ಇದ್ದರೆ ತೊಂದರೆ ಇಲ್ಲ. ಒಂದೇ ಜಾಗದಲ್ಲಿ ನಿಲ್ಲಿಸಿ ಕುಟ್ಟಿದರೆ ಆಗ ಜಾಯಿಂಟ್ ಬಿಡುತ್ತೆ. 150 ಬಾರ್‌ನಲ್ಲಿ ನೀರು ನಾಜಲ್‌ನಿಂದ ಹೊರಡುವ ವೇಗ ಗಂಟೆಗೆ 600 ಕಿಲೋಮೀಟರ್ ಮೇಲೆ, ನೆನಪಿರಲಿ. ಹಳೇ ಲೈನ್‌ಗೆ 80–100 ಬಾರ್‌ನಲ್ಲಿ ಶುರು ಮಾಡಲು ಹೇಳಿ. ಕೆಲಸ ಆಗದಿದ್ದರೆ ಮಾತ್ರ ಮೇಲೆ ಏರಿಸಲಿ. ಮಹಡಿಗಳಿಂದ ಗೋಡೆ ಮೇಲೆ ಕೆಳಗಿಳಿಯುವ ಬೀಡಿನ ಡೌನ್‌ಟೇಕ್ ಪೈಪ್ ತುಕ್ಕು ಹಿಡಿದಿದ್ದರೆ ಅದಕ್ಕೂ ಕಡಿಮೆ.

ಕೆಲಸ ಬಲ್ಲವನು ಹೌದೋ ಅಲ್ಲವೋ ಅಂತ ನೋಡಲು ಅವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಗಮನಿಸಿ. ತುಂಬಿದ ಚೇಂಬರ್ ಹತ್ತಿರ ನಿಂತು ಕೆಳಗಡೆಗೆ ಹೋಸ್ ತಳ್ಳುವವನಿಗೆ ಕೆಲಸ ಗೊತ್ತಿಲ್ಲ. ತುಂಬಿದ ಚೇಂಬರ್‌ನ ಮುಂದಿನದು, ಅಂದರೆ ಇಳಿಜಾರಿನ ಕಡೆಯ ಖಾಲಿ ಚೇಂಬರ್ ಹುಡುಕಬೇಕು. ಕಟ್ಟಿಕೊಂಡಿರುವುದು ಈ ಎರಡರ ನಡುವೆ. ಖಾಲಿ ಚೇಂಬರ್‌ನಿಂದ ಮೇಲ್ಗಡೆಗೆ ನಾಜಲ್ ಬಿಡಬೇಕು. ಗಟಾರದ ನಾಜಲ್‌ಗೆ ತೂತುಗಳು ಜಾಸ್ತಿ ಹಿಂದಕ್ಕೆ ಇರುತ್ತವೆ, ಮುಂದೆ ಒಂದೇ ಇರುತ್ತೆ, ಕೆಲವಕ್ಕೆ ಅದೂ ಇಲ್ಲ. ಹಿಂದಕ್ಕೆ ಚಿಮ್ಮುವ ನೀರೇ ಹೋಸನ್ನು ತಾನಾಗಿ ಮುಂದಕ್ಕೆ ಎಳೆದುಕೊಂಡು ಹೋಗುತ್ತೆ, ವಾಪಸ್ ಎಳೆಯುವಾಗ ಕಸವನ್ನೆಲ್ಲ ಗುಡಿಸಿಕೊಂಡು ನಮ್ಮ ಕಡೆಗೆ ತರುತ್ತೆ. ಒಳಗೆ ಹೋಗುವಾಗಿನ ಅಬ್ಬರ ನೋಡಿ ಕೆಲಸ ಆಯಿತು ಅಂದುಕೊಳ್ಳುತ್ತಾರೆ, ನಿಜವಾಗಿ ಕ್ಲೀನ್ ಆಗುವುದು ನಿಧಾನವಾಗಿ ವಾಪಸ್ ಎಳೆಯುವಾಗ. ಅವಸರದಲ್ಲಿ ಸರ್ರನೆ ಎಳೆದರೆ ದುಡ್ಡು ವೇಸ್ಟ್.

ನಾಜಲ್ ಪೈಪ್ ಒಳಗೆ ಎರಡು ಮೂರು ಅಡಿ ಹೋದ ಮೇಲೆಯೇ ಪಂಪ್ ಚಾಲೂ ಆಗಬೇಕು. ಹೊರಗೆ ಬರುವ ಮೊದಲೇ ಬಂದ್ ಆಗಬೇಕು. ಅದಕ್ಕಾಗಿ ಹೋಸ್ ತುದಿಯಿಂದ ಸ್ವಲ್ಪ ದೂರಕ್ಕೆ ಕೆಂಪು ಟೇಪ್ ಸುತ್ತಿರುತ್ತಾರೆ, ಟೇಪ್ ಕಂಡ ಕೂಡಲೇ ಕಾಲಿನ ವಾಲ್ವ್ ಬಿಡಬೇಕು. ಟೇಪ್ ಇಲ್ಲದ ಹೋಸ್ ತಂದವನನ್ನು ನಾನಾದರೆ ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ. ಇನ್ನೊಂದು, ನೆಲಮಹಡಿಯವರಿಗೆ ಮೊದಲೇ ಹೇಳಿ, ಕಮೋಡ್ ಮುಚ್ಚಳ ಮುಚ್ಚಿ ನಹಾನಿ ಟ್ರ್ಯಾಪ್ ಮೇಲೆ ಒದ್ದೆ ಗೋಣಿಚೀಲ ಹಾಕಿ ಭಾರ ಇಡಲಿ. ಲೈನ್‌ನಲ್ಲಿ ಗಾಳಿ ಒತ್ತಿದಾಗ ಟ್ರ್ಯಾಪ್‌ನ ನೀರು ಗೋಡೆ ಎತ್ತರಕ್ಕೆ ಚಿಮ್ಮುತ್ತೆ.


ಥಾಣೆ ಹೋಟೆಲ್:

ಪಂಪ್‌ವಾಲಾ ಅಣ್ಣ ಹೇಳಿದ್ದು ಸರಿ. ನಾನು ಹೋಟೆಲ್ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ ಮಾರಾಯ್ರೆ. ನಮ್ಮಲ್ಲಿ ದೋಸೆ ಕಾವಲಿ, ವಡೆ ಬಾಣಲೆ ತೊಳೆದ ನೀರು ದಿನವಿಡೀ ಹರಿಯುತ್ತದೆ, ಜಿಡ್ಡು ಹೇಗೆ ಕಟ್ಟುತ್ತದೆ ಎಂಬುದನ್ನು ನೋಡಿ ನೋಡಿ ಸಾಕಾಗಿದೆ. ಬಿಸಿ ಇರುವಾಗ ಎಣ್ಣೆ ನೀರಿನ ಜೊತೆ ಸಲೀಸಾಗಿ ಹೋಗುತ್ತದೆ. ಹೊರಗಿನ ಚೇಂಬರ್ ತಲುಪುವಷ್ಟರಲ್ಲಿ ತಣ್ಣಗಾಗಿ ಬೆಣ್ಣೆಯ ಹಾಗೆ ಕೂರುತ್ತದೆ, ಆಮೇಲೆ ಅದಕ್ಕೆ ಅನ್ನದ ಅಗುಳು, ಚಹಾಪುಡಿ, ಕರಿಬೇವಿನ ದಂಟು ಅಂಟಿ ಗಟ್ಟಿ ಆಗುತ್ತದೆ. ಒಮ್ಮೆ ನಮ್ಮ ಲೈನ್‌ನಿಂದ ಹೊರಗೆ ಬಂದ ತುಂಡನ್ನು ಸಲಿಕೆಯಿಂದ ಕಡಿಯಬೇಕಾಯಿತು. ಹೊರಗೆ ಬೂದು ಬಣ್ಣ, ಒಳಗೆ ಬಿಳಿ, ಮಧ್ಯದಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನ ಎಳೆಗಳು.

ಇದಕ್ಕೆ ತಣ್ಣೀರ ಜೆಟ್ ಹೊಡೆದರೆ ಜಿಡ್ಡು ತುಂಡು ತುಂಡಾಗುತ್ತದೆ, ಕರಗುವುದಿಲ್ಲ. ಆ ತುಂಡುಗಳನ್ನು ಚೇಂಬರ್‌ನಲ್ಲೇ ಜಾಳಿಗೆ ಹಾಕಿ ಹಿಡಿದು, ಉದ್ದ ಹಿಡಿಯ ಸಲಿಕೆಯಲ್ಲಿ ಮೇಲಿನಿಂದಲೇ ಎತ್ತಿ ಚೀಲಕ್ಕೆ ತುಂಬಬೇಕು. ಇದನ್ನು ಕಾಂಟ್ರಾಕ್ಟ್‌ನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಜಿಡ್ಡು ನಿಮ್ಮ ಗೇಟ್ ದಾಟಿ ಮುನಿಸಿಪಾಲಿಟಿ ಲೈನ್‌ನಲ್ಲಿ ಕೂತು ಅಲ್ಲಿಂದ ಮತ್ತೆ ನಿಮಗೇ ನೀರು ಹಿಂದಕ್ಕೆ ಬರುತ್ತದೆ. ಹೋಟೆಲ್‌ಗೆ ಬಿಸಿನೀರ ಜೆಟ್ ತರಿಸುತ್ತಾರೆ, ಚೆನ್ನಾಗಿ ಕರಗುತ್ತದೆ, ಆದರೆ ಪಿವಿಸಿ ಪೈಪ್‌ಗೆ 60 ಡಿಗ್ರಿ ಮೇಲಿನ ನೀರು ಒಳ್ಳೆಯದಲ್ಲ, ಮೆತ್ತಗಾಗಿ ಬಾಗುತ್ತದೆ. ಕರಗಿದ್ದು ಮುಂದೆ ಹೋಗಿ ಮತ್ತೆ ಗಟ್ಟಿ ಆಗುವುದಂತೂ ಇದ್ದೇ ಇದೆ.

ಕಾಸ್ಟಿಕ್ ಸೋಡಾ ಬಗ್ಗೆ ಬಹಳ ಜಾಗ್ರತೆ. ಮನೆಯವರು ಕಟ್ಟಿಕೊಂಡಿದೆ ಅಂತ ರಾತ್ರಿ ಕಾಸ್ಟಿಕ್ ಇಲ್ಲವೇ ಆ್ಯಸಿಡ್ ಸುರಿದಿರುತ್ತಾರೆ, ಬೆಳಿಗ್ಗೆ ಜೆಟ್ಟಿಂಗ್ ಹುಡುಗ ಬಂದು ಹೋಸ್ ಬಿಡುತ್ತಾನೆ, ಆ ನೀರು ಅವನ ಮುಖಕ್ಕೆ ಎರಚುತ್ತದೆ. ಕಣ್ಣು ಹೋಗುವ ವಿಷಯ ಇದು. ಕೆಲಸಕ್ಕೆ ಮೊದಲು ಎಲ್ಲ ಮನೆಗಳಿಗೆ ನೋಟಿಸ್ ಹಾಕಿ, ಏನಾದರೂ ಸುರಿದಿದ್ದರೆ ಹೇಳಿ ಅಂತ ಕೇಳಿ. ಮತ್ತೆ ಬೇರೆ ಉಪಾಯ ಏನೂ ಇಲ್ಲ, ಬಾಣಲೆಯ ಎಣ್ಣೆಯನ್ನು ಹಳೇ ಪೇಪರ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ ಆಮೇಲೆ ತೊಳೆಯಬೇಕು. ನಮ್ಮ ಅಡುಗೆಮನೆಯಲ್ಲಿ ಇದನ್ನು ಕಡ್ಡಾಯ ಮಾಡಿ ಗ್ರೀಸ್ ಟ್ರ್ಯಾಪ್, ಅಂದರೆ ಜಿಡ್ಡು ಹಿಡಿಯುವ ಪೆಟ್ಟಿಗೆ, ದಿನಾ ರಾತ್ರಿ ಕ್ಲೀನ್ ಮಾಡಲು ಶುರು ಮಾಡಿದ ಮೇಲೆ ಜೆಟ್ಟಿಂಗ್‌ನವನನ್ನು ಕರೆಯುವುದು ತುಂಬಾ ಕಡಿಮೆ ಆಯಿತು.


ಕಾಂಜೂರ್ ಕನ್ನಡಿಗ:

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ವಾಚ್‌ಮನ್ ಜೊತೆ ಹೋಗಿ ಎಲ್ಲ ಮುಚ್ಚಳ ತೆಗೆಸಿ ನೋಡಿದೆ. ಎ ವಿಂಗ್ ಹಿಂದಿನ ಮೊದಲ ಎರಡು ಚೇಂಬರ್ ಬಾಯಿವರೆಗೆ ತುಂಬಿವೆ, ಮೂರನೆಯದು ಬಹುತೇಕ ಒಣಗಿದೆ. ಅಂದರೆ ಅಣ್ಣ ಹೇಳಿದ ಪ್ರಕಾರ ಎರಡು ಮತ್ತು ಮೂರರ ಮಧ್ಯೆ, ಅಲ್ವಾ? ಅಲ್ಲೇ ಗೋಡೆಯಲ್ಲಿ ಒಂದು ಅರಳಿ ಗಿಡ ಎದೆ ಎತ್ತರಕ್ಕೆ ಬೆಳೆದಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಟೆರೇಸ್ ಮತ್ತು ಹೊರಗೋಡೆ ಬಗ್ಗೆ ಯಾರಾದರೂ ಹೇಳುತ್ತೀರಾ. ಟೆರೇಸ್ ಮೇಲೆ ನೀರು ಇಳಿಯದ ಹಾಗೆ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ಪದರ) ಹಾಕಿ, ಅದರ ಮೇಲೆ ಟೈಲ್ ಚೂರುಗಳ ಚೀನಾ ಮೊಸಾಯಿಕ್ ಮಾಡಿದ್ದಾರೆ, ಪೂರ್ತಿ ಪಾಚಿ ಹಿಡಿದು ಕಪ್ಪಾಗಿದೆ.


ಮಡಗಾಂವ್ ಸೈಟ್ ಅಕ್ಕ:

ನಾನು ಗೋವಾದಲ್ಲಿ ಕಟ್ಟಡ ರಿಪೇರಿ ಸೈಟ್ ನೋಡಿಕೊಳ್ಳುತ್ತೇನೆ, ಹಳೇ ಮನೆಗಳ ಕೆಲಸವೇ ಜಾಸ್ತಿ. ಗೋಡೆ, ನೆಲದ ವಿಷಯ ನಾನು ಹೇಳುತ್ತೇನೆ. ಗಟಾರ ತೊಳೆಯುವವನು ಅದೇ ಕೈಯಲ್ಲಿ ಟೆರೇಸ್ ತೊಳೆಯುತ್ತೇನೆ ಎಂದರೆ ನನಗೆ ಎದೆ ಧಸಕ್ಕೆನ್ನುತ್ತೆ. ಎರಡೂ ಬೇರೆ ಬೇರೆ ಕೆಲಸ.

ನಮ್ಮಲ್ಲಿ ಮುರಕಲ್ಲಿನ ಗೋಡೆಗಳು, ಅದೇ ಕೆಂಪು ಜಂಬಿಟ್ಟಿಗೆ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಮೇಲ್ಪದರ ಗಟ್ಟಿ ಆಗುತ್ತೆ. ಆ ಮೇಲ್ಪದರವೇ ಕಲ್ಲನ್ನು ಕಾಯುವುದು. ಒಂದು ಮನೆಯಲ್ಲಿ ಪಾಚಿ ಹೋಗಲಿ ಅಂತ ಯಾರೋ ಕಿರಿದಾದ ನಾಜಲ್ ಹಚ್ಚಿ ಹತ್ತಿರದಿಂದ ಹೊಡೆದಿದ್ದರು. ನಾನು ಹೋಗಿ ನೋಡಿದಾಗ ಕಲ್ಲಿನ ಮೇಲೆ ಲ್ಯಾನ್ಸ್ (ಗನ್ನಿನ ಉದ್ದ ಕೊಳವೆ) ಓಡಾಡಿದ ಗೆರೆಗಳು ಹಾಗೇ ಮೂಡಿದ್ದವು, ಬೆರಳಿಟ್ಟರೆ ಕೆಂಪು ಪುಡಿ ಉದುರುತ್ತಿತ್ತು, ಸಂದಿನ ಸುಣ್ಣದ ಗಾರೆ ಒಂದು ಗೆಣ್ಣು ಆಳ ಕಿತ್ತು ಹೋಗಿತ್ತು. ಅಂಥ ಗೋಡೆ ಮುಂದಿನ ಮಳೆಯಲ್ಲಿ ನೀರು ಕುಡಿಯುತ್ತೆ. ಅದನ್ನು ಮೊದಲಿನ ಹಾಗೆ ಮಾಡಲು ಯಾವ ಮೆಷಿನ್ನೂ ಇಲ್ಲ.

ನಿಮ್ಮದು ಪ್ಲಾಸ್ಟರ್ ಗೋಡೆ, ಆದರೂ ನಿಯಮ ಒಂದೇ. ನಾಜಲ್‌ಗಳಿಗೆ ಸಾಮಾನ್ಯವಾಗಿ ಬಣ್ಣ ಇರುತ್ತೆ. ಕೆಂಪು ಅಂದರೆ ಸೊನ್ನೆ ಡಿಗ್ರಿ, ಸೂಜಿಯ ಹಾಗೆ ಒಂದೇ ಎಳೆ ನೀರು, ಗೋಡೆ ಹತ್ತಿರ ತರಲೇಬಾರದು. ಹಳದಿ 15, ಹಸಿರು 25, ಬಿಳಿ 40 ಡಿಗ್ರಿ. ಗೋಡೆಗೆ ಬಿಳಿ ಹಾಕಿ, ಒಂದೂವರೆ ಎರಡು ಅಡಿ ದೂರದಿಂದ, ಮೇಲಿನಿಂದ ಕೆಳಗೆ. ಬಿರುಕು ಇರುವ ಕಡೆ, ಕಿಟಕಿ ಚೌಕಟ್ಟಿನ ಸಂದಿಗೆ, ಛಜ್ಜಾ ಕೆಳಗಿನಿಂದ ಮೇಲ್ಮುಖವಾಗಿ ಹೊಡೆಯಲೇಬಾರದು. ಮಳೆ ಯಾವತ್ತೂ ಆ ದಿಕ್ಕಿನಿಂದ ಬರುವುದಿಲ್ಲ, ಆ ಸಂದಿಗಳು ಅದಕ್ಕೆ ತಯಾರಿಲ್ಲ, ನೀರು ಸೀದಾ ಒಳಗಿನ ಗೋಡೆಗೆ ಇಳಿಯುತ್ತೆ. ಹೊರಗೋಡೆಗೆ ಬಣ್ಣ ಬಳಿಸುವ ಯೋಚನೆ ಇಲ್ಲದಿದ್ದರೆ ಈಗ ತೊಳೆಸಬೇಡಿ ಎಂದೇ ಹೇಳುತ್ತೇನೆ. ಬಣ್ಣಕ್ಕೆ ಮೊದಲು ಸಡಿಲ ಪದರ ತೆಗೆಯಲು ಜೆಟ್ ಒಳ್ಳೆಯದು, ತೊಳೆದ ಮೇಲೆ ಗೋಡೆ ಚೆನ್ನಾಗಿ ಒಣಗಬೇಕು.

ಚೀನಾ ಮೊಸಾಯಿಕ್‌ನಲ್ಲಿ ಟೈಲ್ ಚೂರುಗಳ ನಡುವಿನ ಸಿಮೆಂಟ್ ಗೆರೆಯೇ ನೀರು ತಡೆಯುವುದು. ಗಿರಗಿರ ತಿರುಗುವ ಟರ್ಬೋ ನಾಜಲ್ ಬಿಟ್ಟರೆ ಆ ಗೆರೆಗಳೆಲ್ಲ ಕಿತ್ತು ಬರುತ್ತವೆ, ಟೆರೇಸ್ ಫಳಫಳ ಹೊಳೆಯುತ್ತೆ, ಜುಲೈಯಲ್ಲಿ ನಾಲ್ಕನೇ ಮಹಡಿಯವರ ಸೀಲಿಂಗ್ ಸೋರುತ್ತೆ. ಪಾಚಿಗೆ ಪ್ರೆಶರ್ ಮದ್ದಲ್ಲ. ಬ್ಲೀಚಿಂಗ್ ಪೌಡರ್ ತಿಳಿ ಇಲ್ಲವೇ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣ ಸುರಿದು ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಪೊರಕೆಯಲ್ಲಿ ಉಜ್ಜಿ, ಆಮೇಲೆ ಅಗಲದ ನಾಜಲ್‌ನಲ್ಲಿ ಕಡಿಮೆ ಪ್ರೆಶರ್‌ನಿಂದ ತೊಳೆಯಿರಿ. ಬರೀ ಜೆಟ್ ಹೊಡೆದರೆ ಮೇಲಿನ ಹಸಿರು ಹೋಗುತ್ತೆ, ಬುಡ ಉಳಿದು ಮೊದಲ ಮಳೆಗೇ ಚಿಗುರುತ್ತೆ. ಬ್ಲೀಚಿಂಗ್ ಹಾಕಿದ ಕಡೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತೆ. ಮಳೆನೀರು ಪೈಪ್ ಬಾಯಿಗೆ ಜಾಳಿಗೆ ಕಟ್ಟಿ, ಇಲ್ಲದಿದ್ದರೆ ಟೆರೇಸ್ ಕೆಸರು ಹೋಗಿ ಇನ್ನೊಂದು ಪೈಪ್ ಕಟ್ಟುತ್ತೆ. ಪೇವರ್ ಬ್ಲಾಕ್ ತೊಳೆಸಬಹುದು, ಆದರೆ ಸಂದಿನ ಮರಳು ಎದ್ದು ಬರುತ್ತೆ. ಒಣಗಿದ ಮೇಲೆ ಮತ್ತೆ ಮರಳು ಗುಡಿಸಿ ತುಂಬಿಸದಿದ್ದರೆ ಬ್ಲಾಕ್ ಅಲುಗಾಡುತ್ತೆ.

ಪಾರ್ಕಿಂಗ್ ಮೇಲೆ ಆ್ಯಸ್‌ಬೆಸ್ಟಾಸ್ ಶೀಟ್ ಇದ್ದರೆ ಅದಕ್ಕೆ ಜೆಟ್ ಬೇಡವೇ ಬೇಡ. ಎಳೆಗಳು ಕಿತ್ತು ನೀರಿನ ಜೊತೆ ಸುತ್ತ ಹರಡುತ್ತವೆ, ಒಣಗಿದ ಮೇಲೆ ಗಾಳಿಗೆ ಏಳುತ್ತವೆ, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಅರಳಿ ಗಿಡ, ಹೌದು, ಬಹಳ ಮಟ್ಟಿಗೆ ಅದೇ ಕಾರಣ ಇರಬಹುದು. ಸಡಿಲ ಜಾಯಿಂಟ್‌ನಿಂದ ತೇವ ಸಿಕ್ಕರೆ ಕೂದಲೆಳೆಯಷ್ಟು ಬೇರು ಒಳಗೆ ಹೋಗಿ ಅಲ್ಲಿ ಜಡೆಯಷ್ಟು ದಪ್ಪ ಬೆಳೆಯುತ್ತೆ. ಜೆಟ್ ಎಳೇ ಬೇರನ್ನು ಕತ್ತರಿಸುತ್ತೆ, ಬಲಿತದ್ದಕ್ಕೆ ಸರಪಳಿ ಕಟರ್ ಬೇಕು. ಕತ್ತರಿಸಿದರೂ ಜಾಯಿಂಟ್ ತೆರೆದೇ ಇರುವುದರಿಂದ ಮತ್ತೆ ಬರುತ್ತೆ. ಜೆಟ್ಟಿಂಗ್ ಆದ ಮೇಲೆ ಕ್ಯಾಮೆರಾ ಬಿಡಿಸಿ ನೋಡಿ, ಆ ಒಂದು ತುಂಡು ಅಗೆದು ಬದಲಾಯಿಸುವುದೇ ಸರಿ.


ಮಾಟುಂಗಾ ನರ್ಸ್:

ಸೆಕ್ರೆಟರಿಯವರೇ, ಕಮಿಟಿಯಲ್ಲಿ ಮನುಷ್ಯನನ್ನು ಚೇಂಬರ್ ಒಳಗೆ ಇಳಿಸುವ ಮಾತು ಬಂತು ಎಂದಿರಲ್ಲ, ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಅವರಿಗೆ ಸ್ಪಷ್ಟವಾಗಿ ಹೇಳಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಒಬ್ಬನನ್ನು ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡಲು ಹಚ್ಚುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನೇರವಾಗಿ ಕೆಲಸಕ್ಕೆ ಇಟ್ಟವರಿಗೆ ಮಾತ್ರ ಅಲ್ಲ, ಕಾಂಟ್ರಾಕ್ಟರ್ ಮೂಲಕ ಮಾಡಿಸಿದವರಿಗೂ ಅನ್ವಯಿಸುತ್ತೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಕಾನೂನು ಬಿಡಿ, ಆ ಹುಡುಗನ ಮನೆಯಲ್ಲೂ ಅಪ್ಪ ಅಮ್ಮ, ಮಕ್ಕಳು ಇದ್ದಾರೆ. ನಮ್ಮ ಕಡೆಯಿಂದ, ಕಲಬುರಗಿ, ವಿಜಯಪುರದಿಂದ ಬಂದವರೂ ಈ ಊರಿನಲ್ಲಿ ಇಂಥ ಕೂಲಿ ಮಾಡುತ್ತಾರೆ.

ಚೇಂಬರ್ ತಳದಲ್ಲಿ ಕೂರುವುದು ಹೈಡ್ರೋಜನ್ ಸಲ್ಫೈಡ್, ಗಾಳಿಗಿಂತ ಭಾರ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದಾಗ, ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದರೆ, ಮೂಗೇ ಕೆಲಸ ಮಾಡುವುದಿಲ್ಲ, ವಾಸನೆ ಹೋಯಿತು ಇನ್ನು ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಎತ್ತಲು ಇಳಿಯುತ್ತಾನೆ, ಅವನೂ ಹೋಗುತ್ತಾನೆ. ಜೆಟ್ಟಿಂಗ್ ಮಾಡುವಾಗಲೂ ಈ ಅಪಾಯ ಇದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ನೀರು ಕೆಸರನ್ನು ಕಲಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಗ್ಯಾಸ್ ಒಮ್ಮೆಗೇ ಬಿಡುತ್ತೆ. ಹಾಗಾಗಿ ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡಿ, ಕೆಲಸ ನಡೆಯುವಾಗ ಯಾರೂ ಬಗ್ಗಿ ಇಣುಕಬಾರದು, ಮಕ್ಕಳನ್ನು ಹೌಸ್ ಗಲ್ಲಿಗೆ ಬಿಡಬೇಡಿ.

ಇನ್ನೊಂದು ನನ್ನ ಕಣ್ಣಾರೆ ಕಂಡದ್ದು. ಜೆಟ್ ಗನ್ ಹಿಡಿದಿದ್ದ ಹುಡುಗನೊಬ್ಬ ಬಂದಿದ್ದ, ಎಡಗೈ ತೋರುಬೆರಳಿನಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಗಾಯ, ರಕ್ತವೂ ಸರಿಯಾಗಿ ಬಂದಿಲ್ಲ. ಊರ ಡಾಕ್ಟರ್ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಮರುದಿನ ಬರುವಾಗ ಅಂಗೈ ತನಕ ಊದಿ ಬಣ್ಣ ಬದಲಾಗಿತ್ತು. ಪ್ರೆಶರ್ ನೀರು ಚರ್ಮ ತೂತು ಮಾಡಿ ಒಳಗೆ ನರ, ಸ್ನಾಯುಗಳ ಸಂದಿಯಲ್ಲಿ ಕೊಳಕನ್ನು ದೂರದವರೆಗೆ ತಳ್ಳಿರುತ್ತೆ. ಹೊರಗಿನ ತೂತು ನೋಡಿ ಗಾಯ ಅಳೆಯಬಾರದು. ಹೀಗಾದರೆ ಆ ಗಳಿಗೆಯಲ್ಲೇ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೈ ಪ್ರೆಶರ್ ನೀರು ಒಳಗೆ ಹೋಗಿದೆ ಅಂತ ಬಾಯಿ ಬಿಟ್ಟು ಹೇಳಿ. ಬೆರಳು ಉಳಿಯುವುದು ಎಷ್ಟು ಬೇಗ ಆಪರೇಶನ್ ಆಗುತ್ತೆ ಎಂಬುದರ ಮೇಲಿದೆ. ಗನ್ನಿನ ಟ್ರಿಗರ್‌ಗೆ ತಂತಿ ಸುತ್ತಿ ಕೆಲಸ ಮಾಡುವವರಿದ್ದಾರೆ, ಕೈ ನೋಯುತ್ತೆ ಅಂತ. ದಯವಿಟ್ಟು ಅದನ್ನು ಬಿಡಿಸಿ. ಕನ್ನಡಕ, ಉದ್ದ ಗಂಬೂಟು, ಕೈಗವಸು ಇಲ್ಲದೆ ಯಾರೂ ಹೋಸ್ ಮುಟ್ಟಬಾರದು. ಗಟಾರ ಅಂದರೆ ಇಲಿ, ಇಲಿ ಅಂದರೆ ಲೆಪ್ಟೋ, ಅಂದರೆ ಇಲಿ ಜ್ವರ. 2005ರ ಜುಲೈ ಪ್ರವಾಹ ಆದ ಮೇಲೆ ಈ ಊರು ಅದನ್ನು ಚೆನ್ನಾಗಿ ಅನುಭವಿಸಿದೆ.


ಕಾಂಜೂರ್ ಕನ್ನಡಿಗ:

ನರ್ಸ್ ಅಕ್ಕ, ನಿಮ್ಮ ಬರಹವನ್ನು ಮರಾಠಿಯಲ್ಲಿ ಹೇಳಿ ಕಮಿಟಿಗೆ ಓದಿದೆ. ಇಳಿಸುವ ಮಾತು ಇನ್ನು ಯಾರೂ ಎತ್ತುವುದಿಲ್ಲ. ಕಾಂಟ್ರಾಕ್ಟ್ ಕಾಗದದಲ್ಲೇ ಬರೆಸಿದ್ದೇವೆ, ಯಾವ ಕಾರಣಕ್ಕೂ ಮನುಷ್ಯ ಚೇಂಬರ್ ಒಳಗೆ ಇಳಿಯಬಾರದು ಅಂತ. ನಿಮಿಷಕ್ಕೆ ಎಷ್ಟು ಲೀಟರ್ ಅಂತ ಕೇಳಿದ್ದಕ್ಕೆ ಆ ಮೊದಲಿನ ಕಾಂಟ್ರಾಕ್ಟರ್ ಉತ್ತರ ಕೊಡಲಿಲ್ಲ. ಇನ್ನೊಬ್ಬ ಸಿಕ್ಕಿದ್ದಾನೆ, 40 ಲೀಟರ್‌ನ ಡೀಸೆಲ್ ಮೆಷಿನ್, ಹೋಸ್‌ಗೆ ಟೇಪ್ ಇದೆ, ಕ್ಯಾಮೆರಾ ಕೂಡ ತರುತ್ತಾನೆ. ಟೆರೇಸ್ ಕೆಲಸ ಅವನಿಗೆ ಕೊಡುವುದಿಲ್ಲ, ಬ್ಲೀಚಿಂಗ್ ಮತ್ತು ಪೊರಕೆಯಲ್ಲೇ ಮಾಡಿಸುತ್ತೇವೆ.

ಒಂದೇ ಪ್ರಶ್ನೆ ಉಳಿದಿದೆ. ಮೇ ತಿಂಗಳು, ನಮಗೆ ಕುಡಿಯುವ ನೀರೇ ಎಳೆದಾಡಿ ಸಾಲುತ್ತೆ. ಜೆಟ್ಟಿಂಗ್‌ಗೆ ನೀರು ಎಲ್ಲಿಂದ ತರಲಿ? ಬೋರ್‌ವೆಲ್ ಇದೆ, ಸ್ವಲ್ಪ ಮರಳು ಬರುತ್ತೆ.


ಭೋಸರಿ ಪಂಪ್‌ವಾಲಾ:

ಬೋರ್‌ವೆಲ್ ನೀರೇ ಸಾಕು ರೀ, ಕುಡಿಯುವ ನೀರು ಮುಟ್ಟಬೇಡಿ. 40 ಲೀಟರ್ ಮೆಷಿನ್ ಅರ್ಧ ಗಂಟೆ ಪೂರ್ತಿ ಓಡಿದರೆ 1,200 ಲೀಟರ್, ನಡುವೆ ನಿಲ್ಲಿಸಿ ನಿಲ್ಲಿಸಿ ಓಡಿಸುವುದರಿಂದ ಒಂದು ವಿಂಗ್‌ಗೆ ಸಾವಿರ ಲೀಟರ್‌ನ ಎರಡು ಸಿಂಟೆಕ್ಸ್ ಟ್ಯಾಂಕ್ ತುಂಬಿಟ್ಟರೆ ನಡೆಯುತ್ತೆ. ಹಿಂದಿನ ರಾತ್ರಿಯೇ ತುಂಬಿಸಿ, ಮರಳು ತಳಕ್ಕೆ ಕೂರಲಿ, ಸಕ್ಷನ್ ಪೈಪ್ ತಳದಿಂದ ಒಂದಡಿ ಮೇಲೆ ಇರಲಿ, ಬಾಯಿಗೆ ಸಣ್ಣ ಕಣ್ಣಿನ ಸ್ಟ್ರೇನರ್ ಹಾಕಲು ಹೇಳಿ. ಮರಳು ಹೋದರೆ ಪಂಪ್ ಸೀಲ್ ತಿನ್ನುತ್ತೆ, ನಾಜಲ್ ತೂತು ಅಗಲ ಆಗಿ ಪ್ರೆಶರ್ ಬೀಳುತ್ತೆ, ಆಗ ಅವನು ಎಂಜಿನ್ ಜಾಸ್ತಿ ಏರಿಸುತ್ತಾನೆ.

ಇನ್ನೊಂದು ಮಾತು. ಕೆಲಸ ಆದ ಮೇಲೆ ನಿಮ್ಮ ಕೊನೆಯ ಚೇಂಬರ್‌ನಿಂದ ರಸ್ತೆ ಮ್ಯಾನ್‌ಹೋಲ್ ಕಡೆ ನೀರು ಸಲೀಸಾಗಿ ಹೋಗುತ್ತಿದೆಯಾ ಅಂತ ಎರಡು ಬಕೆಟ್ ಸುರಿದು ನೋಡಿ. ಅಲ್ಲಿ ನಿಂತರೆ ಅದು ಮಹಾನಗರಪಾಲಿಕೆ ಲೈನ್‌ನ ತೊಂದರೆ, 1916ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತೆಗೆದುಕೊಳ್ಳಿ. ಅವರ ಹತ್ತಿರ ಸಕ್ಷನ್ ಮತ್ತು ಜೆಟ್ಟಿಂಗ್ ಎರಡೂ ಇರುವ ದೊಡ್ಡ ಲಾರಿಗಳಿವೆ, ಗಟಾರದ ನೀರನ್ನೇ ಸೋಸಿ ಮತ್ತೆ ಹೊಡೆಯುವಂಥವೂ ಇವೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಮೆಷಿನ್‌ನಿಂದ ಸ್ವಚ್ಛ ಮಾಡಿಸಲು 14420 ಅಂತ ಸಹಾಯವಾಣಿಯೂ ಇದೆ. ನಿಮ್ಮವನು ಮೂರನೇ ಚೇಂಬರ್‌ನಿಂದಲೇ ಶುರು ಮಾಡಲಿ. ಕ್ಯಾಮೆರಾದಲ್ಲಿ ಬೇರು ಕಂಡರೆ ಹೋಸ್ ಎಷ್ಟು ಅಡಿ ಒಳಗಿದೆ ಅಂತ ಗುರುತು ಹಾಕಿಸಿಕೊಂಡು ಫೋಟೋ ಇಲ್ಲಿ ಹಾಕಿ, ಎಲ್ಲಿ ಅಗೆಯಬೇಕು ಅಂತ ನಾನೂ ಸೈಟ್ ಅಕ್ಕನೂ ನೋಡಿ ಹೇಳುತ್ತೇವೆ.